ಕಾಫಿ ಕಣದಲ್ಲಿ ಕಾರಿನ ತೂಕ

ಮೊದಲೇ ಹೇಳಿಬಿಡುತ್ತೇನೆ, ನನ್ನದು ಫೆರಾರಿ ಪೋರ್ಷೆ ಜಾತಿಯ ಕಾರಲ್ಲ. 2016ರ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರಿನ ಟರ್ಬೊ ಎಂಜಿನ್, 105 ಪಿಎಸ್, ಡಿಕ್ಕಿಯಲ್ಲಿ ಎರಡು ಮೂಟೆ ಗೊಬ್ಬರ ಹಿಡಿಯುತ್ತದೆ. ಸ್ಪೋರ್ಟ್ಸ್ ಕಾರ್ ಅಂದರೆ ನಗುವವರು ನಗಲಿ. ಆದರೆ ನಮ್ಮಲ್ಲಿ ರ‍್ಯಾಲಿಗೂ ರೇಸಿಗೂ ಓಡಿದ ಪೋಲೊಗಳು ಕಡಿಮೆಯೇನಲ್ಲ. 2010ರಲ್ಲಿ ಪೋಲೊ ಕಪ್ ಅಂತಲೇ ಒಂದು ರೇಸ್ ಶುರುವಾಗಿತ್ತು. ಹಾಗಾಗಿ ಪಾರ್ಟ್ಸ್ ಸಿಗುತ್ತವೆ, ಅದನ್ನು ಬಿಚ್ಚಿ ಜೋಡಿಸಿ ಗೊತ್ತಿರುವವರೂ ಸಿಗುತ್ತಾರೆ. ನಾನು ತೆಗೆದುಕೊಂಡದ್ದೇ ಅದಕ್ಕೆ.

ಗೋಣಿಕೊಪ್ಪ, ವಿರಾಜಪೇಟೆ ಕಡೆಯವರಿಗೆ ಗದ್ದೆ ಆಟೋಕ್ರಾಸ್ ಗೊತ್ತೇ ಇರುತ್ತದೆ. ಭತ್ತ ಕೊಯ್ದಾದ ಮೇಲೆ ಒಣಗಿದ ಗದ್ದೆಯಲ್ಲಿ ಟ್ರ್ಯಾಕ್ ಮಾಡುತ್ತಾರೆ, ಊರೆಲ್ಲ ಬದುವಿನ ಮೇಲೆ ನಿಂತು ನೋಡುತ್ತದೆ. ಲೇಡೀಸ್ ಕ್ಲಾಸಲ್ಲಿ ಎರಡು ವರ್ಷ ಓಡಿಸಿದೆ. ಅಲ್ಲಿ ಸಸ್ಪೆನ್ಷನ್ (ಕಾರಿಗೂ ಚಕ್ರಕ್ಕೂ ನಡುವಿನ ಸ್ಪ್ರಿಂಗ್ ಜೋಡಣೆ) ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಮಣ್ಣಲ್ಲಿ ಎಲ್ಲರ ಕಾರೂ ಜಾರುತ್ತದೆ, ನನ್ನದೂ ಜಾರುತ್ತಿತ್ತು. ಬುದ್ಧಿ ಬಂದದ್ದು ಕೊಯಮತ್ತೂರಿನಲ್ಲಿ.

ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳಯಂನಲ್ಲಿ ಕಾರಿ ಮೋಟಾರ್ ಸ್ಪೀಡ್‌ವೇ ಇದೆ. 2003ರಲ್ಲಿ ಆದದ್ದು. ರೇಸರ್ ಕರಿವರ್ಧನ್ ಅವರ ನೆನಪಿಗೆ ಇಟ್ಟ ಹೆಸರು. ಸುತ್ತು 2.1 ಕಿಲೋಮೀಟರ್ ಅಷ್ಟೇ, ಆದರೆ ತಿರುವಿನ ಮೇಲೆ ತಿರುವು. ಸ್ನೇಹಿತರ ಜೊತೆ ಒಂದು ಟ್ರ್ಯಾಕ್ ಡೇಗೆ ಹೋದೆ. ನಮ್ಮ ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ ಅದು. ಕಾರು ಶೋರೂಮಿನಿಂದ ಬಂದ ಹಾಗೇ ಇತ್ತು. ರಸ್ತೆಗೆ ಅಂತ ಮಾಡಿದ ಕಾರು, ನಮ್ಮ ಮಡಿಕೇರಿ ರಸ್ತೆಯಲ್ಲಿ ಅದರಷ್ಟು ಹಿತ ಇನ್ನೊಂದಿಲ್ಲ. ಟ್ರ್ಯಾಕಿನಲ್ಲಿ ಮಾತ್ರ ಸ್ಟೀರಿಂಗ್ ತಿರುಗಿಸಿದರೆ ‘ಇರಿ, ಯೋಚನೆ ಮಾಡ್ತೇನೆ’ ಅಂದಹಾಗೆ ಆಗುತ್ತಿತ್ತು. ಮೈ ವಾಲುತ್ತದೆ, ಮುಂದಿನ ಚಕ್ರ ಕಿರುಚುತ್ತದೆ, ಕಾರು ನೆಟ್ಟಗೆ ಹೊರಗಡೆಗೆ ಹೋಗುತ್ತದೆ. ಇದಕ್ಕೇ ಅಂಡರ್‌ಸ್ಟಿಯರ್ ಅನ್ನುವುದು. ಸಂಜೆ ಟೈರ್ ನೋಡಿದರೆ ಮುಂದಿನ ಎರಡರದೂ ಹೊರ ಅಂಚು ಅರ ಹಾಕಿ ಉಜ್ಜಿದ ಹಾಗೆ. ಒಳ ಅಂಚಿನಲ್ಲಿ ಹೊಸ ಟೈರಿನ ಸಣ್ಣ ರಬ್ಬರ್ ಕೂದಲು ಇನ್ನೂ ಹಾಗೇ ಇತ್ತು.

ಆ ಟೈರು ಎಲ್ಲವನ್ನೂ ಹೇಳುತ್ತಿತ್ತು. ಓದುವುದು ನನಗೆ ಬರುತ್ತಿರಲಿಲ್ಲ.

ಹಾಗಾಗಿ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಒಂದು ದೊಡ್ಡ ಊರಿನ ಗ್ಯಾರೇಜಿನಲ್ಲಿ 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿದೆ. ಸ್ಪ್ರಿಂಗಿನ ಕುಣಿತ ತಡೆಯುವ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಹಳೆಯದೇ. ಕಾರು ನೆಲಕ್ಕೆ ಅಂಟಿಕೊಂಡು ಚಂದ ಕಾಣುತ್ತಿತ್ತು, ಸುಳ್ಳು ಹೇಳಬಾರದು. ಮನೆಗೆ ತಂದಾಗ ಅಪ್ಪ ಸುತ್ತ ಒಂದು ರೌಂಡ್ ಬಂದು ಕೇಳಿದರು, “ನಾಲ್ಕೂ ಪಂಕ್ಚರಾ?”

ಟಾರ್ ರಸ್ತೆಯಿಂದ ನಮ್ಮ ಮನೆಗೆ ಅರ್ಧ ಕಿಲೋಮೀಟರ್ ತೋಟದ ರಸ್ತೆ. ನಡುವೆ ಒಂದು ಮೋರಿ. ಆ ಮೋರಿ ದಾಟುವಾಗೆಲ್ಲ ಕಾರಿನ ಹೊಟ್ಟೆ ಕರ್ರ್ ಅಂತ ಉಜ್ಜುತ್ತಿತ್ತು. ಕೆಲಸದವರೆಲ್ಲ ಕೆಲಸ ಬಿಟ್ಟು ತಿರುಗಿ ನೋಡುವವರು. ಸರಿ, ಟ್ರ್ಯಾಕಿನಲ್ಲಾದರೂ ಓಡುತ್ತದಲ್ಲ ಅಂದುಕೊಂಡೆ. ಎರಡನೇ ಸಲ ಕಾರಿ ಟ್ರ್ಯಾಕಿಗೆ ಹೋದಾಗ ನನ್ನ ಒಳ್ಳೆಯ ಸುತ್ತು ಮೊದಲಿಗಿಂತ 0.4 ಸೆಕೆಂಡ್ ನಿಧಾನ. ದುಡ್ಡು ಕೊಟ್ಟು ನಿಧಾನ ಮಾಡಿಸಿಕೊಂಡಿದ್ದೆ.

ಗೋಣಿಕೊಪ್ಪದಲ್ಲಿ ನಮ್ಮ ಮನೆಯ ಜೀಪನ್ನು ಮೂವತ್ತು ವರ್ಷದಿಂದ ನೋಡುವ ಒಬ್ಬ ಮೆಕ್ಯಾನಿಕ್ ಇದ್ದಾರೆ. ಎಲ್ಲರಿಗೂ ಅವರು ಕಾಕ. ರ‍್ಯಾಲಿ ಕಾರಿನ ಸರ್ವಿಸ್ ಕೆಲಸಕ್ಕೆ ಹೋಗಿ ಬಂದವರು. ಮೊದಲೇ ಅವರನ್ನು ಕೇಳಬೇಕಿತ್ತು. ಕೇಳದಿದ್ದಕ್ಕೆ ಅವರಿಗೆ ಸಿಟ್ಟೂ ಇತ್ತು.

“ಸ್ಪ್ರಿಂಗ್ ಹಾಕಿದ್ದು ಯಾಕೆ ಮೋಳೆ? ಫೋಟೋಕ್ಕಾ, ಓಡ್ಸಲಿಕ್ಕಾ?”

ಮೋಳೆ ಅಂದರೆ ಮಲಯಾಳದಲ್ಲಿ ಮಗಳು. ಉತ್ತರ ಕೊಡಲಿಲ್ಲ. ಅವರು ಮುಂದಿನ ಡ್ಯಾಂಪರಿನ ರಬ್ಬರ್ ಕವಚ ಮೇಲಕ್ಕೆ ಎತ್ತಿ, ಹೊಳೆಯುವ ರಾಡಿಗೆ ವೈರ್ ಕಟ್ಟುವ ಒಂದು ಜಿಪ್ ಟೈ ಬಿಗಿದರು. “ಗೋಣಿಕೊಪ್ಪ ಪೇಟೆಯಿಂದ ಪೊನ್ನಂಪೇಟೆಗೆ ಹೋಗಿ ಬಾ. ಮೆಲ್ಲ ಹೋಗು.” ಮೆಲ್ಲನೆ ಹೋಗಿ ಬಂದೆ. ಜಿಪ್ ಟೈ ರಾಡಿನ ತುದಿಗೇರಿ, ಬಂಪ್ ಸ್ಟಾಪ್ ಅನ್ನುವ ರಬ್ಬರಿಗೆ ಒತ್ತಿ ನಿಂತಿತ್ತು. ಅಂದರೆ ಪೇಟೆ ರಸ್ತೆಯಲ್ಲೇ ಡ್ಯಾಂಪರ್ ತನ್ನ ಓಟವೆಲ್ಲ ಮುಗಿಸಿ ರಬ್ಬರಿಗೆ ಹೋಗಿ ಕುಟ್ಟುತ್ತಿತ್ತು. ಟ್ರ್ಯಾಕಿನಲ್ಲಿ ಕಾರು ವಾಲಿದ ಕೂಡಲೇ ಮುಂದಿನ ಹೊರಚಕ್ರಕ್ಕೆ ಸ್ಪ್ರಿಂಗೇ ಇಲ್ಲದ ಹಾಗೆ. ಗಟ್ಟಿ ರಬ್ಬರಿನ ಮೇಲೆ ಕೂತ ಚಕ್ರ ಹಿಡಿತ ಬಿಟ್ಟು ಜಾರದೆ ಇನ್ನೇನು ಮಾಡುತ್ತದೆ?

ಇನ್ನೊಂದನ್ನೂ ತೋರಿಸಿದರು. ಕಾರಿನ ಕೆಳಗೆ ಮಲಗಿ ಟಾರ್ಚ್ ಹಿಡಿದು ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ನೋಡು ಅಂದರು. ಅದು ನಡುವಿನಿಂದ ಚಕ್ರದ ಕಡೆಗೆ ಸ್ವಲ್ಪ ಇಳಿದಿರಬೇಕು. ನನ್ನದು ಚಕ್ರದ ಕಡೆಗೆ ಮೇಲೇರಿ ನಿಂತಿತ್ತು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಡ್ಯಾಂಪರೂ ಸೇರಿದ ಒಂದೇ ಕಂಬ) ಇರುವ ಕಾರುಗಳಲ್ಲಿ ಇದೊಂದು ಕೆಟ್ಟ ಲೆಕ್ಕ. ತಿರುವಿನಲ್ಲಿ ಕಾರು ಒಂದು ಬಿಂದುವಿನ ಸುತ್ತ ವಾಲುತ್ತದೆ, ಅದಕ್ಕೆ ರೋಲ್ ಸೆಂಟರ್ ಅನ್ನುತ್ತಾರೆ. ಕಾರನ್ನು 40 ಮಿ.ಮೀ. ಇಳಿಸಿದರೆ ಕಾರಿನ ಭಾರದ ಕೇಂದ್ರ 40 ಮಿ.ಮೀ. ಇಳಿಯುತ್ತದೆ, ಆದರೆ ರೋಲ್ ಸೆಂಟರ್ ಅದಕ್ಕಿಂತ ಜಾಸ್ತಿ ಇಳಿದುಬಿಡುತ್ತದೆ. ಎರಡರ ನಡುವಿನ ಅಂತರವೇ ಕಾರನ್ನು ವಾಲಿಸುವ ಸನ್ನೆ. ಹಾರೆ ಉದ್ದ ಆದಷ್ಟೂ ಕಲ್ಲು ಮೀಟುವುದು ಸುಲಭ, ಅಲ್ವಾ? ನಾನು ಕಾರನ್ನು ತಗ್ಗಿಸಿ ಹಾರೆಯನ್ನು ಉದ್ದ ಮಾಡಿಕೊಂಡಿದ್ದೆ.

ಅಷ್ಟು ಸಾಲದು ಅಂತ ಆ ಗ್ಯಾರೇಜಿನವರು ಕಾರು ಜ್ಯಾಕಿನ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ಆರ್ಮಿನ ಬೋಲ್ಟ್ ಬಿಗಿದಿದ್ದರು. ಈ ಬೋಲ್ಟುಗಳನ್ನು ಕಾರು ನಾಲ್ಕು ಚಕ್ರದ ಮೇಲೆ ಭಾರ ಬಿಟ್ಟು ನಿಂತ ಮೇಲೇ ಕೊನೆಯ ಬಿಗಿ ಮಾಡಬೇಕು. ಇಲ್ಲದಿದ್ದರೆ ಒಳಗಿನ ರಬ್ಬರ್ ಬುಷ್ ಇಡೀ ಹೊತ್ತು ತಿರುಚಿಕೊಂಡೇ ಇರುತ್ತದೆ. ನನ್ನ ಎರಡು ಬುಷ್ ಆಗಲೇ ಸೀಳಿದ್ದವು.

ಹಳೆಯ ಸ್ಪ್ರಿಂಗ್ ವಾಪಸ್ ಹಾಕಿದೆವು. ಆಮೇಲೆ ನಾನು ಮಾಡಿದ ಒಂದೇ ಒಂದು ಜಾಣತನ ಅಂದರೆ, ಕಾರನ್ನು ರಸ್ತೆಯಿಂದ ತೆಗೆದದ್ದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಇನ್ಶೂರೆನ್ಸ್ ಪಾಲಿಸಿಯಲ್ಲೂ ರೇಸಿಗೆ, ವೇಗ ಪರೀಕ್ಷೆಗೆ ರಕ್ಷಣೆ ಇಲ್ಲ ಅಂತ ಸ್ಪಷ್ಟ ಬರೆದಿರುತ್ತದೆ, ಓದಿ ನೋಡಿ. ಪೇಟೆಗೆ ಜೀಪು, ಟ್ರ್ಯಾಕಿಗೆ ಪೋಲೊ, ಅದೂ ಲಾರಿ ಮೇಲೆ ಕೂತು ಅಂತ ತೀರ್ಮಾನ ಆಯಿತು. “ಲಾರಿ ಮೇಲೆ ಹೋಗೋ ಕಾರಿಗೆ ಇಂಜಿನ್ ಯಾಕೆ?” ಅಂದರು ಅಪ್ಪ. ಆದರೆ ರೊಬಸ್ಟಾಕ್ಕೆ ಒಳ್ಳೆಯ ರೇಟ್ ಬಂದ ವರ್ಷ ಅದು. ಜಾಸ್ತಿ ಮಾತಾಡಲಿಲ್ಲ.

ಕಾಯಿಲ್‌ಓವರ್ ತರಿಸಿದೆ. ಸ್ಪ್ರಿಂಗ್, ಡ್ಯಾಂಪರ್ ಒಂದಕ್ಕೊಂದು ಹೊಂದುವ ಹಾಗೆ ಒಟ್ಟಿಗೇ ಬರುವ ಸೆಟ್ಟು. ಎತ್ತರ ಬದಲಾಯಿಸಲು ಕೆಳಗೆ ರಿಂಗು, ಡ್ಯಾಂಪರಿನ ಬಿಗಿ ಬದಲಾಯಿಸಲು ಒಂದು ಗುಂಡಿ, ಮೇಲ್ಗಡೆ ಚಕ್ರದ ವಾಲು ಬದಲಾಯಿಸಲು ಕ್ಯಾಂಬರ್ ಪ್ಲೇಟ್. ಮುಂದಿನ ಸ್ಪ್ರಿಂಗ್ 5 ಕೆ.ಜಿ., ಹಿಂದಿನದು 6 ಕೆ.ಜಿ. ಅಂದರೆ ಒಂದು ಮಿ.ಮೀ. ಅದುಮಲು ಅಷ್ಟು ಭಾರ ಬೇಕು. ಹಿಂದೆ ಗಟ್ಟಿ ಯಾಕೆ ಅಂದರೆ, ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹಿಂಭಾಗ ವಾಲುವುದನ್ನು ತಡೆದಷ್ಟೂ ಮುಂದಿನ ಹೊರಟೈರಿನ ಹೊರೆ ಕಡಿಮೆಯಾಗುತ್ತದೆ. ಈ ಸಲ ಬರೀ 20 ಮಿ.ಮೀ. ತಗ್ಗಿಸಿದ್ದು.

ಹಾಕುವ ಕೆಲಸ ಒಂದು ದಿನದ್ದು ಅಂತ ಹೇಳುತ್ತಾರೆ. ಕೊಡಗಿನ ಮಳೆ ಕುಡಿದ ಕಾರಿಗೆ ಮೂರು ದಿನ ಹಿಡಿಯಿತು. ಪೋಲೊದಲ್ಲಿ ಸ್ಟ್ರಟ್ಟಿನ ಕಾಲು ಚಕ್ರದ ನಕಲ್ (ಚಕ್ರವನ್ನು ಹಿಡಿದಿರುವ ಲೋಹದ ಗಂಟು) ಒಳಗೆ ಕೂತಿರುತ್ತದೆ. ಒಂದು ಬೋಲ್ಟ್ ಅದನ್ನು ಕಚ್ಚಿ ಹಿಡಿದಿರುತ್ತದೆ. ಎಡಗಡೆಯ ಬೋಲ್ಟ್ ತುಕ್ಕು ಹಿಡಿದು ಕಲ್ಲಾಗಿತ್ತು. ರಾತ್ರಿಯೆಲ್ಲ ತುಕ್ಕು ಬಿಡಿಸುವ ಎಣ್ಣೆಯಲ್ಲಿ ನೆನೆಸಿ, ಬೆಳಿಗ್ಗೆ ಸ್ಪ್ಯಾನರಿಗೆ ಉದ್ದದ ಪೈಪ್ ತೂರಿಸಿ ಕಾಕ ಮತ್ತು ಅವರ ಹುಡುಗ ಒಟ್ಟಿಗೆ ಜಗ್ಗಿದಾಗ ಟಕ್ ಅಂತ ಬಿಟ್ಟಿತು. ಆಮೇಲೆ ನಕಲ್ಲಿನ ಸೀಳಿಗೆ ಒಂದು ಸಣ್ಣ ಉಕ್ಕಿನ ಬಿಟ್ ಇಟ್ಟು ತಿರುಗಿಸಬೇಕು, ಆಗ ಬಾಯಿ ಚೂರು ಅಗಲವಾಗುತ್ತದೆ. ಸುತ್ತಿಗೆಯಲ್ಲಿ ಬಡಿದರೆ ನಕಲ್ಲೇ ಹೋಯಿತು. ಹಳೆಯ ಸ್ಪ್ರಿಂಗ್ ಬಿಚ್ಚುವಾಗ ಕಾಕ ನನ್ನನ್ನು ಹತ್ತಿರ ಬಿಡಲಿಲ್ಲ. ಅದುಮಿಟ್ಟ ಸ್ಪ್ರಿಂಗ್ ಕೈ ತಪ್ಪಿದರೆ ಗೋಡೆಯೂ ತಡೆಯುವುದಿಲ್ಲ.

ಇಷ್ಟು ಆದಮೇಲೆ ಕಾರು ಸಿದ್ಧ ಅಂದುಕೊಂಡೆ. ಕಾಕ ನಕ್ಕರು. “ಇನ್ನು ತೂಕ ನೋಡ್ಬೇಕು.”

ರಿಂಗ್ ತಿರುಗಿಸಿ ಎತ್ತರ ಬದಲಾಯಿಸಬಹುದಾದ ಕಾರಿನಲ್ಲಿ ನಾಲ್ಕು ಚಕ್ರದ ಮೇಲೆ ಬೀಳುವ ಭಾರವೂ ಬದಲಾಗುತ್ತದೆ. ಕುಂಟುವ ಮೇಜಿನ ಹಾಗೆ. ಒಂದು ಕಾಲು ಚೂರು ಉದ್ದ ಆದರೆ ಆ ಕಾಲು, ಅದರ ಎದುರು ಮೂಲೆಯ ಕಾಲು, ಎರಡೇ ಭಾರ ಹೊರುತ್ತವೆ. ಕಾರಿನಲ್ಲಿ ಹಾಗಾದರೆ ಒಂದು ಕಡೆಗೆ ಚೆನ್ನಾಗಿ ತಿರುಗುತ್ತದೆ, ಇನ್ನೊಂದು ಕಡೆಗೆ ಹಟ ಮಾಡುತ್ತದೆ. ಇದನ್ನು ನೋಡಲು ರೇಸ್ ತಂಡಗಳ ಹತ್ತಿರ ನಾಲ್ಕು ತೆಳು ತೂಕದ ಪ್ಯಾಡ್ ಇರುತ್ತವೆ. ಬೆಲೆ ಕೇಳಿ ಸುಮ್ಮನಾದೆ.

ಆಮೇಲೆ ಹೊಳೆಯಿತು. ಇಡೀ ದೇಶದಲ್ಲಿ ತೂಕದ ಯಂತ್ರಕ್ಕೆ ಬರ ಇಲ್ಲದ ಜಾಗ ಇದ್ದರೆ ಅದು ಕೊಡಗೇ! ಪ್ರತಿ ತೋಟದಲ್ಲೂ ಕಾಫಿ ಮೂಟೆ ತೂಗುವ ಪ್ಲಾಟ್‌ಫಾರ್ಮ್ ಇದೆ. ಸಮತಟ್ಟು ನೆಲ ಬೇಕಾ? ಅಂಗಳದಷ್ಟು ದೊಡ್ಡ ಸಿಮೆಂಟ್ ಕಣ ಇದೆ.

ಆದರೆ ಕಣವೂ ಖಾಲಿ ಇರಬೇಕು, ಯಂತ್ರವೂ ಖಾಲಿ ಇರಬೇಕು. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕೊಯ್ಲು. ಕಣದ ತುಂಬ ಕಾಫಿ. “ಕೊನೆಯ ಮೂಟೆ ಹೋಗುವ ತನಕ ನಿನ್ನ ಕಾರು ಇಲ್ಲಿ ಚಕ್ರ ಇಡಬಾರದು” ಅಂತ ಅಪ್ಪನ ಆರ್ಡರ್. ಏಪ್ರಿಲ್ ಎರಡನೇ ವಾರಕ್ಕೆ ಕಾದೆ. ಹಿಂದಿನ ಚಕ್ರಕ್ಕೆ 300 ಕೆ.ಜಿ. ಯಂತ್ರ ಸಾಕು. ನಮ್ಮದೊಂದು, ಪಕ್ಕದ ತೋಟದ ಮಾವನದೊಂದು. ಮುಂದಿನ ಚಕ್ರಗಳಿಗೆ 500 ಕೆ.ಜಿ.ಯದ್ದು ಬೇಕು. ಕಾಫಿ ವ್ಯಾಪಾರಿಯ ಹತ್ತಿರ ಎರಡನ್ನು ಬೇಡಿ ತಂದೆ. ಯಾಕೆ ಅಂತ ಹೇಳಿದಾಗ ಅವರು ನಂಬಲಿಲ್ಲ.

ಕಣ ಸಮತಟ್ಟು ಅಂತ ಮೊದಲ ದಿನವೇ ಮೋಸ ಹೋಗಿದ್ದೆ. ಮಳೆ ನೀರು ಹರಿದು ಹೋಗಲಿ ಅಂತ ಕಣಕ್ಕೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ಮೇಸ್ತ್ರಿಯ ನೀರಿನ ಟ್ಯೂಬ್ ತಂದು ಮಟ್ಟ ಹಿಡಿದಾಗ ಒಂದು ಮೂಲೆ ಇನ್ನೊಂದಕ್ಕಿಂತ 22 ಮಿ.ಮೀ. ಕೆಳಗಿತ್ತು. ಯಂತ್ರಗಳ ಎತ್ತರವೂ ಬೇರೆ ಬೇರೆ. ಸಿಲ್ವರ್ ಓಕ್ ಹಲಗೆ, ಪ್ಲೈವುಡ್ ಚೂರು, ಕೊನೆಗೆ ಹಳೆಯ ಕ್ಯಾಲೆಂಡರಿನ ರಟ್ಟು ಕೊಟ್ಟು ನಾಲ್ಕನ್ನೂ ಒಂದೇ ಮಟ್ಟಕ್ಕೆ ತರುವಷ್ಟರಲ್ಲಿ ಮಧ್ಯಾಹ್ನ. ಪ್ರತಿ ಚಕ್ರದ ಕೆಳಗೆ ಎರಡು ಗೊಬ್ಬರದ ಚೀಲ ಇಟ್ಟು ನಡುವೆ ಗ್ರೀಸ್ ಹಚ್ಚಿದೆವು. ಟೈರ್ ಅಡ್ಡಕ್ಕೆ ಜಾರಿ ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರಬೇಕಲ್ಲ. ಆ್ಯಂಟಿ ರೋಲ್ ಬಾರಿನ ಒಂದು ಲಿಂಕ್ ಬಿಚ್ಚಿಟ್ಟೆವು. ಕಾರು ವಾಲದ ಹಾಗೆ ಎಡ ಬಲ ಚಕ್ರಗಳನ್ನು ಜೋಡಿಸುವ ಸರಳು ಅದು. ಇಲ್ಲದಿದ್ದರೆ ಅದೂ ನಡುವೆ ಕೈ ಹಾಕುತ್ತದೆ.

ಡ್ರೈವರ್ ಭಾರವೂ ಇರಬೇಕು. ನಾನೇ ಕೂತರೆ ರಿಂಗ್ ತಿರುಗಿಸುವವರಾರು? ನನ್ನ ತೂಕ 58 ಕೆ.ಜಿ. ಸರಿಯಾಗಿ 58 ಕೆ.ಜಿ. ಕಾಳುಮೆಣಸು ಚೀಲಕ್ಕೆ ತುಂಬಿ ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಅಪ್ಪ ಬಂದು ಅದಕ್ಕೆ ಸೀಟ್ ಬೆಲ್ಟ್ ಹಾಕಿ ಹೋದರು. “ನಿನಗಿಂತ ಅದಕ್ಕೆ ರೇಟ್ ಜಾಸ್ತಿ.”

ಮೊದಲ ಲೆಕ್ಕ ಹೀಗೆ ಬಂತು. ಮುಂದಿನ ಎಡ 322, ಮುಂದಿನ ಬಲ 386. ಹಿಂದಿನ ಎಡ 230, ಹಿಂದಿನ ಬಲ 212. ಒಟ್ಟು 1,150 ಕೆ.ಜಿ. ಮುಂದಿನ ಬಲವನ್ನೂ ಹಿಂದಿನ ಎಡವನ್ನೂ ಕೂಡಿದರೆ 616, ಅಂದರೆ ಶೇ. 53.6. ಇದು ಶೇ. 50ರ ಹತ್ತಿರ ಇರಬೇಕು. ಕಣ್ಣಿಗೆ ಕಾರು ನೆಟ್ಟಗೇ ನಿಂತಿತ್ತು, ಎತ್ತರ ನಾಲ್ಕೂ ಕಡೆ ಸರಿ ಇತ್ತು. ತೂಕದಲ್ಲಿ ಕುಂಟು.

ಮುಂದಿನ ಎಡದ ರಿಂಗನ್ನು ಒಂದು ಸುತ್ತು ಮೇಲೆ, ಮುಂದಿನ ಬಲದ್ದು ಅರ್ಧ ಸುತ್ತು ಕೆಳಗೆ. ಕಾರನ್ನು ನಾಲ್ಕೈದು ಸಲ ಅದುಮಿ ಬಿಡುವುದು, ನಂಬರ್ ನಿಲ್ಲಲು ಕಾಯುವುದು, ಬರೆಯುವುದು. ಮತ್ತೆ ತಿರುಗಿಸುವುದು. ಇದರಲ್ಲಿ ಒಂದು ಮಜಾ ಇದೆ. ಏನೇ ತಿರುಗಿಸಿದರೂ ಮುಂದಿನ ಎರಡರ ಮೊತ್ತ 708, ಎಡಗಡೆಯ ಎರಡರ ಮೊತ್ತ 552 ಅಲುಗಾಡುವುದಿಲ್ಲ. ಭಾರ ಮೂಲೆಯಿಂದ ಮೂಲೆಗೆ ಮಾತ್ರ ಓಡಾಡುತ್ತದೆ. ಮೊತ್ತ ಬದಲಾದರೆ ಯಾವುದೋ ಯಂತ್ರ ಸುಳ್ಳು ಹೇಳುತ್ತಿದೆ ಅಂತ. ಮಾವನ ಯಂತ್ರ 3 ಕೆ.ಜಿ. ಕಡಿಮೆ ತೋರಿಸುವುದೂ ಸಿಕ್ಕಿಬಿತ್ತು. ಪಾಪ, ಎಷ್ಟು ವರ್ಷದ ಕಾಫಿ ತೂಗಿದ್ದರೋ. ಅದನ್ನು ಸರಿಪಡಿಸಿ ಲೆಕ್ಕ ಹಾಕಿದೆವು. ಮೇಲೆ ಕೊಟ್ಟದ್ದು ಸರಿಪಡಿಸಿದ ನಂಬರೇ.

ನಾಲ್ಕು ಗಂಟೆಗೆ ಗುಡುಗು ಶುರು. ಏಪ್ರಿಲ್ ಮಳೆ ಹೇಳಿ ಕೇಳಿ ಬರುವುದಿಲ್ಲ. ಟಾರ್ಪಲ್ ತಂದು ಮೊದಲು ಯಂತ್ರ ಮುಚ್ಚಿದೆವು, ಆಮೇಲೆ ಮೆಣಸಿನ ಚೀಲ ಇಳಿಸಿ ಒಳಗೆ ಹೊತ್ತೆವು. ಕಾರು ನೆನೆಯಿತು. ಮರುದಿನ ಹನ್ನೊಂದಕ್ಕೆ ಅದೇ ಕ್ರಮದಲ್ಲಿ 344, 364, 208, 234. ಶೇ. 49.7. ಕಾಕ ಸಾಕು ಅಂದರು. ನನಗೆ ಇನ್ನೂ ಒಂದು ಕಾಲು ಸುತ್ತು ತಿರುಗಿಸುವ ಆಸೆ ಇತ್ತು. ಸ್ಪ್ಯಾನರ್ ಕಿತ್ತುಕೊಂಡರು.

ಕ್ಯಾಂಬರ್ ಅಳೆದದ್ದು ಮೇಸ್ತ್ರಿಯ ತೂಗುಗುಂಡಿನಿಂದ. ಕ್ಯಾಂಬರ್ ಅಂದರೆ ಚಕ್ರದ ತಲೆ ಎಷ್ಟು ಒಳಕ್ಕೆ ವಾಲಿದೆ ಅನ್ನುವುದು. ಮೊದಲು ಅರ್ಧ ಡಿಗ್ರಿ ಆಸುಪಾಸು ಇತ್ತು. ತಿರುವಿನಲ್ಲಿ ಕಾರು ವಾಲಿದಾಗ ಅಷ್ಟು ಸಾಲದೆ ಟೈರು ಹೊರ ಅಂಚಿನ ಮೇಲೆ ನಿಲ್ಲುತ್ತಿತ್ತು. ರಿಮ್ಮಿನ ಅಂಚಿನಿಂದ ಅಂಚಿಗೆ ಸುಮಾರು 400 ಮಿ.ಮೀ., ಅಷ್ಟು ಎತ್ತರದಲ್ಲಿ ಒಂದು ಡಿಗ್ರಿಗೆ 7 ಮಿ.ಮೀ. ದಾರಕ್ಕೂ ರಿಮ್ಮಿನ ಮೇಲಂಚಿಗೂ ಇರುವ ಅಂತರ ಕೆಳಗಿನದಕ್ಕಿಂತ ಹದಿನೇಳೂವರೆ ಮಿ.ಮೀ. ಜಾಸ್ತಿ ಬಂದರೆ ಎರಡೂವರೆ ಡಿಗ್ರಿ. ಅಲ್ಲಿಗೆ ನಿಲ್ಲಿಸಿದೆ. ಕ್ಯಾಂಬರ್ ತಿರುಗಿಸಿದಾಗ ಟೋ, ಅಂದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ನೋಡುವುದು, ಅದೂ ತಾನಾಗಿ ಕೆಟ್ಟಿತ್ತು. ಕಾರಿನ ಎರಡೂ ಬದಿಗೆ ದಾರ ಕಟ್ಟಿ ಮುಂದಿನ ಚಕ್ರಗಳನ್ನು ತಲಾ ಒಂದು ಮಿ.ಮೀ. ಹೊರಕ್ಕೆ ನೋಡುವ ಹಾಗೆ ಇಟ್ಟೆವು.

ಮೇ ಮೊದಲ ವಾರ, ಮಳೆಗಾಲಕ್ಕೆ ಮುಂಚೆ, ಕಾರಿ ಟ್ರ್ಯಾಕಿನಲ್ಲಿ ಮೂರನೇ ಸಲ. ಲಾರಿ ತಿತಿಮತಿ ದಾಟುವಷ್ಟರಲ್ಲಿ ಚೆನ್ನಾಗಿ ಬೆಳಕಾಗಿತ್ತು. ಆ ರಸ್ತೆಯಲ್ಲಿ ಕತ್ತಲೆಗೆ ಹೊರಟು ಆನೆ ಎದುರಾದರೆ ಹಿಂದೆ ಬರುವುದು ಕಷ್ಟ. ದಿಂಬಂ ಘಾಟಿಯ 27 ತಿರುವಿನಲ್ಲಿ ಲಾರಿಯ ಮೇಲೆ ನನ್ನ ಕಾರು ಅಲುಗಾಡುವುದನ್ನು ಹಿಂದೆ ಜೀಪಿನಲ್ಲಿ ನೋಡುತ್ತ ಬಂದೆ. ಕಾಫಿ ಮೂಟೆ ಕಟ್ಟುವ ಹಗ್ಗ ಮೋಸ ಮಾಡಲಿಲ್ಲ.

ಮೊದಲ ಸೆಷನ್‌ನಲ್ಲೇ ತಿರುಗಿಬಿದ್ದೆ. ಎರಡನೇ ಸುತ್ತು, ಉದ್ದ ತಿರುವಿನ ನಡುವೆ ವೇಗ ಜಾಸ್ತಿ ಅನ್ನಿಸಿ ಆಕ್ಸಿಲರೇಟರ್ ಬಿಟ್ಟೆ. ಹಿಂಭಾಗ ಮೆತ್ತಗೆ ಹೊರಟು, ಆಮೇಲೆ ಮೆತ್ತಗೆ ಇರಲಿಲ್ಲ. ಕಾರು ಪೂರ್ತಿ ಹಿಂದುಮುಂದಾಗಿ ಮಣ್ಣಿನಲ್ಲಿ ನಿಂತಿತು. ಧೂಳು ಕೂತಾಗ ಬಂದ ದಾರಿಯೇ ಎದುರಿಗೆ ಕಾಣುತ್ತಿತ್ತು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹಿಂದಿನ ಟೈರ್ ಬಿಸಿಯಾಗುವುದು ನಿಧಾನ. ಹಿಂದೆ ಗಟ್ಟಿ ಸ್ಪ್ರಿಂಗ್, ತಣ್ಣನೆಯ ಟೈರ್, ಮೇಲೆ ನಾನು ಕಾಲು ಎತ್ತಿದ್ದು. ಮೂರೂ ಸೇರಿದವು. ಗದ್ದೆಯಲ್ಲಿ ಓಡಿಸಿದ್ದಕ್ಕೆ ಗಾಬರಿ ಆಗಲಿಲ್ಲ, ಮಾನ ಹೋಯಿತು ಅಷ್ಟೇ.

ಹಿಂದಿನ ಡ್ಯಾಂಪರ್ ನಾಲ್ಕು ಕ್ಲಿಕ್ ಸಡಿಲ ಮಾಡಿದೆ. ಬೇರೆ ಏನೂ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಕಾಕನ ಕಟ್ಟಪ್ಪಣೆ ಇತ್ತು. ಮೊದಲ ಎರಡು ಸುತ್ತು ಮೆಲ್ಲಗೆ ಓಡಿಸಿ, ಮೂರರಿಂದ ಒತ್ತಿದೆ. ಸ್ಟೀರಿಂಗ್ ತಿರುಗಿಸಿದೆ, ಕಾರು ತಿರುಗಿತು. ಇಷ್ಟು ಸಣ್ಣ ವಾಕ್ಯಕ್ಕೆ ಒಂದೂವರೆ ಲಕ್ಷ ಆಗಿತ್ತು.

ಪಿಟ್ಟಿಗೆ ಬಂದ ಕೂಡಲೇ ಇನ್‌ಫ್ರಾರೆಡ್ ಗನ್ ಹಿಡಿದು ಮುಂದಿನ ಟೈರಿನ ಶಾಖ ನೋಡಿದೆ. ಮೊದಲೆಲ್ಲ ಹೊರ ಅಂಚು 92 ಡಿಗ್ರಿ, ಒಳ ಅಂಚು 64 ಇರುತ್ತಿತ್ತು. ಈಗ ಒಳಗೆ 84, ನಡುವೆ 80, ಹೊರಗೆ 78. ಟೈರು ಪೂರ್ತಿ ಅಗಲಕ್ಕೆ ನೆಲ ಹಿಡಿಯುತ್ತಿತ್ತು. ಆ ದಿನದ ಒಳ್ಳೆಯ ಸುತ್ತು ಶೋರೂಮ್ ಕಾರಿಗಿಂತ ಎರಡೂಕಾಲು ಸೆಕೆಂಡ್ ಬೇಗ. ಇದರಲ್ಲಿ ಎಷ್ಟು ಪಾಲು ಕಾಯಿಲ್‌ಓವರಿನದ್ದು, ಎಷ್ಟು ಕ್ಯಾಂಬರಿನದ್ದು? ಕೊನೆಯ ಸೆಷನ್‌ನಲ್ಲಿ ಕ್ಯಾಂಬರನ್ನು ಒಂದು ಡಿಗ್ರಿಗೆ ಇಳಿಸಿ ಟೋ ಸರಿಮಾಡಿ ಓಡಿಸಿ ನೋಡಿದೆ. ಒಂದು ಸೆಕೆಂಡಿಗಿಂತ ಜಾಸ್ತಿ ವಾಪಸ್ ಹೋಯಿತು. ಮೊದಲ ದಿನ ಬರೀ ಕ್ಯಾಂಬರ್ ಪ್ಲೇಟ್ ಹಾಕಿದ್ದರೂ ಅರ್ಧ ಕೆಲಸ ಆಗುತ್ತಿತ್ತು. ಹೊರ ಅಂಚು ಸವೆದ ಆ ಟೈರು ಮೊದಲ ಸಂಜೆಯೇ ಕೇಳಿದ್ದು ಅದನ್ನೇ.

ಯಂತ್ರಗಳನ್ನು ಒರೆಸಿ ವಾಪಸ್ ಕೊಟ್ಟದ್ದಾಯಿತು. ಗೊಬ್ಬರದ ಚೀಲದ ಗ್ರೀಸ್ ಕಣದ ಮೇಲೆ ನಾಲ್ಕು ಕಪ್ಪು ಚೌಕ ಬಿಟ್ಟಿದೆ. ಸೋಪು, ಬೂದಿ ಯಾವುದಕ್ಕೂ ಹೋಗುತ್ತಿಲ್ಲ. ಡಿಸೆಂಬರ್ ಒಳಗೆ ಹೋಗದಿದ್ದರೆ ಕಾಫಿಗೆ ವಾಸನೆ ಹಿಡಿಯುತ್ತದೆ ಅಂತ ಅಪ್ಪ ದಿನಾ ಒಂದು ಸಲ ಹೇಳುತ್ತಾರೆ.

ಅವಸರದಲ್ಲಿ ತೂಕವನ್ನೆಲ್ಲ ತೋಟದ ಲೈನ್‌ಮನೆಗಳಲ್ಲಿರುವ ಕೆಲಸದವರ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿದ್ದೆ. ಶನಿವಾರ ಸಂಬಳದ ಲೆಕ್ಕ ಹಾಕುತ್ತಿದ್ದ ರೈಟರ್ ಕನ್ನಡಕ ಮೇಲೇರಿಸಿ ಕರೆದರು.

“ಅಕ್ಕ, ಈ ಮುಂದಿನ ಎಡ 344, ಮುಂದಿನ ಬಲ 364 ಅಂತ ಉಂಟಲ್ಲ, ಇವರು ಯಾವ ಲೈನ್‌ಮನೆಯವರು?”